ಜಿಎಸ್‌ಟಿ ತನಿಖೆಯಲ್ಲಿ ಚಾಲ್ತಿ ಖಾತೆ, ಸಿಸಿ ಖಾತೆ, ಉಳಿತಾಯ ಖಾತೆ ಮೂರಕ್ಕೂ ತಡೆ: ಇಲಾಖೆಯ ಅಧಿಕಾರ ಎಲ್ಲಿಯವರೆಗೆ?

ಪ್ರಶ್ನೆ: ಬಳ್ಳಾರಿ ಹೊಲಿಗೆ ಘಟಕ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕವೊಂದನ್ನು ಹನ್ನೊಂದು ವರ್ಷಗಳಿಂದ ನಡೆಸುತ್ತಿದ್ದೇನೆ. ಇಪ್ಪತ್ತೆರಡು ಜನ ಕೆಲಸಗಾರರಿದ್ದಾರೆ. ಪ್ರತಿ ಶನಿವಾರ ಸಂಜೆ ಅವರ ವಾರದ ಬಟವಾಡೆ ಆಗಬೇಕು.

ಕಳೆದ ಗುರುವಾರ ನಾನು ದಾರದ ಅಂಗಡಿಗೆ ಕೊಟ್ಟಿದ್ದ ಚೆಕ್ ವಾಪಸ್ಸಾಯಿತು. ಖಾತೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಹಣವಿದ್ದುದರಿಂದ ಏನೋ ತಪ್ಪಾಗಿರಬೇಕೆಂದು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ತಮ್ಮ ಕಂಪ್ಯೂಟರ್ ಪರದೆಯನ್ನು ನನ್ನತ್ತ ತಿರುಗಿಸಿ ತೋರಿಸಿದರು. ನನ್ನ ಹೆಸರಿನ ಮುಂದೆ ಕೆಂಪು ಅಕ್ಷರಗಳಲ್ಲಿ 'ಡೆಬಿಟ್ ಫ್ರೀಜ್' ಎಂದಿತ್ತು. ತೆರಿಗೆ ಕಚೇರಿಯಿಂದ ಡಿಆರ್‌ಸಿ-22 ನಮೂನೆಯಲ್ಲಿ ಆದೇಶ ಬಂದಿದೆ ಎಂದು ಹೇಳಿ ಅದರ ಪ್ರತಿಯನ್ನು ಕೊಟ್ಟರು. ನನಗೆ ನೇರವಾಗಿ ಇದುವರೆಗೆ ಯಾವ ಪತ್ರವೂ ಬಂದಿಲ್ಲ.

ಹಿನ್ನೆಲೆ ಇಷ್ಟು. 2022-23ರಲ್ಲಿ ನಾನು ಡೆನಿಮ್ ಬಟ್ಟೆ ಖರೀದಿಸಿದ್ದ ಒಬ್ಬ ವ್ಯಾಪಾರಿಯ ನೋಂದಣಿಯನ್ನು ಆಮೇಲೆ ಹಿಂದಿನ ದಿನಾಂಕದಿಂದಲೇ ರದ್ದುಪಡಿಸಲಾಗಿದೆ. ಅವರ ಬಿಲ್ಲುಗಳ ಮೇಲೆ ನಾನು ಪಡೆದ ಐಟಿಸಿ, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತ, 11 ಲಕ್ಷ 40 ಸಾವಿರ ರೂಪಾಯಿ. ನಾಲ್ಕು ತಿಂಗಳ ಹಿಂದೆ ಅಧಿಕಾರಿಗಳು ಘಟಕಕ್ಕೆ ಬಂದು ತಪಾಸಣೆ ಮಾಡಿ, ಹೇಳಿಕೆ ಬರೆಸಿಕೊಂಡು ಹೋದರು. ಅದಾದ ಮೇಲೆ ಷೋಕಾಸ್ ನೋಟಿಸ್ ಬಂದಿಲ್ಲ, ಬೇಡಿಕೆ ಆದೇಶವೂ ಆಗಿಲ್ಲ.

ಈಗ ತಡೆಯಾಗಿರುವ ಖಾತೆಗಳು ಮೂರು. ಒಂದು ಚಾಲ್ತಿ ಖಾತೆ. ಇನ್ನೊಂದು 25 ಲಕ್ಷ ಮಿತಿಯ ಕ್ಯಾಶ್ ಕ್ರೆಡಿಟ್ (ಸಿಸಿ) ಖಾತೆ. ಅದರಲ್ಲಿ 17 ಲಕ್ಷ ಆಗಲೇ ಬಳಸಿಕೊಂಡಿದ್ದೇನೆ. ಮೂರನೆಯದು ನನ್ನ ಮತ್ತು ನಮ್ಮ ತಾಯಿಯವರ ಜಂಟಿ ಉಳಿತಾಯ ಖಾತೆ. ತಂದೆಯವರು ಸರ್ಕಾರಿ ಶಾಲೆಯ ಶಿಕ್ಷಕರಾಗಿದ್ದರು. ಅವರ ಕುಟುಂಬ ಪಿಂಚಣಿ ಬಂದು ಬೀಳುವುದು ಅದೇ ಖಾತೆಗೆ.

ತೆರಿಗೆ ಬಾಕಿ ಇದೆಯೆಂದು ಇನ್ನೂ ತೀರ್ಮಾನವೇ ಆಗದಿರುವಾಗ ಹೀಗೆ ಮಾಡಲು ಕಾನೂನಿನಲ್ಲಿ ಅವಕಾಶವಿದೆಯೇ? ಇದ್ದರೆ ಅದಕ್ಕೆ ಮಿತಿ ಏನು? ಪೂರ್ತಿ ಹಣ ಕಟ್ಟಿಬಿಟ್ಟರೆ ನಾಳೆಯೇ ಖಾತೆ ಬಿಡಿಸಬಹುದು ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಹಾಗೆ ಕಟ್ಟುವುದು ಸರಿಯೇ? ದಯವಿಟ್ಟು ತಿಳಿದವರು ವಿವರವಾಗಿ ಹೇಳಿ.

ಉತ್ತರ 1: ಹುಬ್ಬಳ್ಳಿ ವಕೀಲ

ಮೊದಲು ಕೈಯಲ್ಲಿರುವ ಕಾಗದ ಯಾವುದೆಂದು ಖಚಿತಪಡಿಸಿಕೊಂಡಿದ್ದೀರಿ, ಅದು ಒಳ್ಳೆಯದಾಯಿತು. ಖಾತೆಗೆ ತಡೆ ಬಿದ್ದಿದೆ ಎಂದು ನನ್ನ ಬಳಿ ಬರುವವರಲ್ಲಿ ಅರ್ಧದಷ್ಟು ಜನರಿಗೆ ಅದನ್ನು ಹಾಕಿದವರು ಯಾರು ಎಂಬುದೇ ಗೊತ್ತಿರುವುದಿಲ್ಲ. ಸೈಬರ್ ಅಪರಾಧದ ತನಿಖೆಯಲ್ಲಿ ಪೊಲೀಸರು ಹಾಕುವ ತಡೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 106 ಆಧಾರ. ಅದರ ದಾರಿಯೇ ಬೇರೆ. ಬೇಡಿಕೆ ಆದೇಶವಾದ ಮೇಲೆ ಬಾಕಿ ವಸೂಲಿಗೆಂದು ಬ್ಯಾಂಕಿಗೆ ಕಳುಹಿಸುವುದು ಡಿಆರ್‌ಸಿ-13. ಅದು ಜಿಎಸ್‌ಟಿ ಕಾಯಿದೆಯ ಕಲಂ 79ರ ಅಡಿಯ ವಸೂಲಿ. ನಿಮ್ಮದು ಡಿಆರ್‌ಸಿ-22, ಅಂದರೆ ಕಲಂ 83ರ ತಾತ್ಕಾಲಿಕ ಜಪ್ತಿ. ಇದರಿಂದ ಇಲಾಖೆ ನಿಮ್ಮ ಹಣವನ್ನು ತೆಗೆದುಕೊಳ್ಳುವಂತಿಲ್ಲ. ಮುಂದೆ ತೆರಿಗೆ ನಿಗದಿಯಾದರೆ ಸಿಗುವಂತೆ ಕಾದಿರಿಸುವುದಕ್ಕೆ ಮಾತ್ರ ಅಧಿಕಾರವಿದೆ. ಆದೇಶ ಕೇಂದ್ರದ ಅಧಿಕಾರಿಯದೋ ರಾಜ್ಯದವರದೋ ಎಂದು ನೀವು ಬರೆದಿಲ್ಲ. ಎರಡು ಕಾಯಿದೆಗಳಲ್ಲೂ ಕಲಂ 83ರ ಮಾತು ಒಂದೇ.

ಬೇಡಿಕೆಯೇ ಇಲ್ಲದೆ ಜಪ್ತಿ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು, ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 2022ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಕಾಯಿದೆಯ 12, 14 ಅಥವಾ 15ನೆಯ ಅಧ್ಯಾಯದ ಅಡಿ ಯಾವುದಾದರೂ ನಡವಳಿ (ಕಾನೂನು ಪ್ರಕ್ರಿಯೆ) ಆರಂಭವಾಗಿದ್ದರೆ ಸಾಕು. ಹಿಂದಿನ ಕಲಮಿನಲ್ಲಿ ಆರು ಸೆಕ್ಷನ್‌ಗಳನ್ನು ಮಾತ್ರ ಹೆಸರಿಸಿದ್ದರಿಂದ, ಬರೀ ಸಮನ್ಸ್ ಆಧಾರದ ಮೇಲೆ ಹೂಡಿದ ಜಪ್ತಿಯನ್ನು ಬಾಂಬೆ ಹೈಕೋರ್ಟ್ 2020ರ ಕೈಶ್ ಇಂಪೆಕ್ಸ್ ಪ್ರಕರಣದಲ್ಲಿ ರದ್ದು ಮಾಡಿತ್ತು. ತಪಾಸಣೆ, ಶೋಧ, ಸಮನ್ಸ್ ಎಲ್ಲವೂ 14ನೆಯ ಅಧ್ಯಾಯದಲ್ಲೇ ಇರುವುದರಿಂದ ಆ ವಾದವನ್ನು ಈಗ ಹಾಗೆಯೇ ಎತ್ತಿ ಹಿಡಿಯಲಾಗದು. ನಿಮ್ಮ ಘಟಕದಲ್ಲೇ ತಪಾಸಣೆ ನಡೆದಿರುವುದರಿಂದ 'ನಡವಳಿಯೇ ಇಲ್ಲ' ಎಂಬ ಆಕ್ಷೇಪಣೆಯ ಮೇಲೆ ಭಾರ ಹಾಕಬೇಡಿ.

ನಿಮ್ಮ ಬಲ ಇರುವುದು ಅದರ ಮುಂದಿನ ಹಂತದಲ್ಲಿ. ಸರ್ಕಾರದ ಆದಾಯವನ್ನು ರಕ್ಷಿಸಲು ಜಪ್ತಿ 'ಅವಶ್ಯಕ' ಎಂಬ ಅಭಿಪ್ರಾಯಕ್ಕೆ ಆಯುಕ್ತರು, ಅಥವಾ ಅವರಿಂದ ವಿಧಿವತ್ತಾಗಿ ಅಧಿಕಾರ ಪಡೆದವರು, ಬರಲೇಬೇಕು, ಆದೇಶ ಲಿಖಿತವಾಗಿರಬೇಕು. ಈ 'ಅವಶ್ಯಕ' ಎಂಬ ಒಂದು ಪದದ ಅರ್ಥವನ್ನು ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 20ರಂದು ರಾಧಾಕೃಷ್ಣ ಇಂಡಸ್ಟ್ರೀಸ್ ಮತ್ತು ಹಿಮಾಚಲ ಪ್ರದೇಶ ಸರ್ಕಾರದ ನಡುವಿನ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಅದರ ಸಂಗತಿಗಳು ನಿಮ್ಮದಕ್ಕೆ ಬಹಳ ಹತ್ತಿರ. ಸೀಸ ತಯಾರಿಸುವ ಕಾರ್ಖಾನೆಯೊಂದಕ್ಕೆ ಸರಕು ಕೊಟ್ಟವರ ಐಟಿಸಿ ವಂಚನೆಯ ತನಿಖೆ ನಡೆಯುತ್ತಿತ್ತು. ಆ ತನಿಖೆಯನ್ನು ಮುಂದಿಟ್ಟುಕೊಂಡು ಕಾರ್ಖಾನೆಗೆ ಗಿರಾಕಿಗಳಿಂದ ಬರಬೇಕಾಗಿದ್ದ ಹಣವನ್ನೇ ಜಪ್ತಿ ಮಾಡಿದರು. ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಷಾ ಅವರ ಪೀಠ ಆ ಜಪ್ತಿಯನ್ನು ರದ್ದು ಮಾಡಿತು. ಇದು ಸ್ವಭಾವತಃ ಅತಿ ಕಠೋರವಾದ ಅಧಿಕಾರವಾದ್ದರಿಂದ ಕಾನೂನಿನ ಪ್ರತಿ ಷರತ್ತನ್ನೂ ಕಟ್ಟುನಿಟ್ಟಾಗಿ ಪಾಲಿಸಿರಬೇಕು. ಜಪ್ತಿ ಮಾಡದಿದ್ದರೆ ಆದಾಯವನ್ನು ಕಾಪಾಡಿಕೊಳ್ಳಲು ಸಾಧ್ಯವಿಲ್ಲ ಎಂಬುದಕ್ಕೆ ಕಡತದಲ್ಲಿ ಕಣ್ಣಿಗೆ ಕಾಣುವ ಆಧಾರವಿರಬೇಕು. ಜಪ್ತಿಯ ಪ್ರಮಾಣ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂದು ಹೇಳಿತು. 'ತೆರಿಗೆ ಬಾಕಿ ಇರಬಹುದು' ಎನ್ನುವುದು ಒಂದು ಮಾತು, 'ಈ ಮನುಷ್ಯ ಆಸ್ತಿಯನ್ನು ಕೈಬದಲಿಸಿ ಬರಿಗೈ ಮಾಡಿಕೊಳ್ಳಬಹುದು' ಎನ್ನುವುದು ಇನ್ನೊಂದು. ಆದೇಶದಲ್ಲಿ ಎರಡನೆಯದರ ಬಗ್ಗೆ ಏನು ಬರೆದಿದ್ದಾರೆಂದು ನೋಡಿ. ನಾನು ಕಂಡ ಬಹುಪಾಲು ಆದೇಶಗಳಲ್ಲಿ ಕಲಮಿನ ಪದಗಳನ್ನೇ ನಕಲು ಮಾಡಿರುತ್ತಾರೆ, ಕಾರಣದ ಒಂದು ಸಾಲೂ ಇರುವುದಿಲ್ಲ.

ಈಗ ಮಾಡಬೇಕಾದ ಕೆಲಸ. ನಿಯಮ 159(5)ರ ಅಡಿ ಡಿಆರ್‌ಸಿ-22ಎ ನಮೂನೆಯಲ್ಲಿ ಆಕ್ಷೇಪಣೆ ಸಲ್ಲಿಸಿ. ಮೊದಲಿದ್ದ ಏಳು ದಿನಗಳ ಗಡುವನ್ನು 2022ರ ಜನವರಿಯಿಂದ ತೆಗೆದಿದ್ದಾರೆ, ಆದರೂ ತಡ ಮಾಡಬೇಡಿ. ಆದೇಶದ ಪ್ರತಿ ನಿಮಗೂ ತಲುಪಬೇಕೆಂದು ಅದೇ ನಿಯಮದಲ್ಲಿದೆ. ತಲುಪಿಲ್ಲವೆಂದು ಆಕ್ಷೇಪಣೆಯ ಮೊದಲ ಪ್ಯಾರಾದಲ್ಲೇ ಬರೆಯಿರಿ. ಆಕ್ಷೇಪಣೆ ಕೊಟ್ಟವರ ಅಹವಾಲು ಕೇಳುವುದು ಅಧಿಕಾರಿಯ ಇಷ್ಟಕ್ಕೆ ಬಿಟ್ಟದ್ದಲ್ಲ. ಲಿಖಿತ ಆಕ್ಷೇಪಣೆ, ಖುದ್ದು ವಿಚಾರಣೆ ಎರಡೂ ನಿಮ್ಮ ಹಕ್ಕು, ಕೊನೆಗೆ ಕಾರಣ ಸಹಿತ ಆದೇಶ ಬರಬೇಕು ಎಂಬುದೂ ಅದೇ ತೀರ್ಪಿನಲ್ಲಿದೆ. ವಿಚಾರಣೆ ನಡೆಸದೆ ಎಳೆದಾಡಿದರೆ ಹೈಕೋರ್ಟ್‌ನ ಧಾರವಾಡ ಪೀಠದ ಮುಂದೆ ರಿಟ್ ಅರ್ಜಿ ಹಾಕಲು ನಿಮಗೆ ಗಟ್ಟಿ ನೆಲೆ ಸಿಗುತ್ತದೆ.

ಹಣ ಕಟ್ಟುವ ಸಲಹೆಯ ಬಗ್ಗೆ: ತೆರಿಗೆ ನಿಜವಾಗಿ ಬಾಕಿಯಿದೆ ಎಂದು ನಿಮ್ಮ ಲೆಕ್ಕವೇ ಹೇಳಿದರೆ ಸ್ವಇಚ್ಛೆಯ ಪಾವತಿಯ ನಮೂನೆಯಾದ ಡಿಆರ್‌ಸಿ-03 ಮೂಲಕ ಕಟ್ಟುವುದರಲ್ಲಿ ತಪ್ಪಿಲ್ಲ. ಆದರೆ ಖಾತೆ ಬಿಡಿಸಿಕೊಳ್ಳುವ ಅವಸರಕ್ಕೆ ಕಟ್ಟಿದರೆ ಅದೇ ಒಪ್ಪಿಗೆಯ ಹಾಗೆ ಕಾಣುತ್ತದೆ. ಶೋಧ, ತಪಾಸಣೆ, ತನಿಖೆಯ ಸಮಯದಲ್ಲಿ ಬಲವಂತದಿಂದ ಹಣ ಕಟ್ಟಿಸಿಕೊಳ್ಳಬಾರದು ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ತನಿಖಾ ವಿಭಾಗವೇ 2022ರ ಮೇ 25ರಂದು ಸೂಚನೆ ಕೊಟ್ಟಿದೆ.

ಉತ್ತರ 2: ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ವಕೀಲರು ಹೇಳಿದ್ದಕ್ಕೆ ಬ್ಯಾಂಕಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಇಂಥ ಪತ್ರಗಳು ಶಾಖೆಗೆ ಬಂದಾಗ ನಾವು ಏನು ಮಾಡುತ್ತಿದ್ದೆವು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಪತ್ರದಲ್ಲಿ ಪ್ಯಾನ್ ಸಂಖ್ಯೆ ಇರುತ್ತದೆ. ಗುಮಾಸ್ತರು ಅದನ್ನು ಹಾಕಿ ಹುಡುಕಿದರೆ ಆ ಪ್ಯಾನಿಗೆ ಹೊಂದಿಕೊಂಡ ಎಲ್ಲ ಖಾತೆಗಳೂ ಪಟ್ಟಿಯಾಗಿ ಬರುತ್ತವೆ, ಒಂದೊಂದಕ್ಕೂ ತಡೆ ಹಾಕುತ್ತಾ ಹೋಗುತ್ತಾರೆ. ಆದೇಶದಲ್ಲಿ ಯಾವ ಖಾತೆಯ ಸಂಖ್ಯೆ ಇದೆ, ಯಾವುದು ಇಲ್ಲ ಎಂದು ಆ ಗಡಿಬಿಡಿಯಲ್ಲಿ ಯಾರೂ ಓದುವುದಿಲ್ಲ. ನಿಮ್ಮ ತಾಯಿಯವರ ಜಂಟಿ ಖಾತೆಗೆ ತಡೆ ಬಿದ್ದಿರುವುದು ಬಹುಶಃ ಹೀಗೆಯೇ. ಆದೇಶದ ಪ್ರತಿಯಲ್ಲಿರುವ ಖಾತೆ ಸಂಖ್ಯೆಗಳನ್ನು ಇಂದೇ ಒಂದೊಂದಾಗಿ ತಾಳೆ ನೋಡಿ. ಅದರಲ್ಲಿ ಇಲ್ಲದ ಖಾತೆಗೆ ತಡೆ ಹಾಕಿದ್ದರೆ ಅದು ಬ್ಯಾಂಕಿನ ತಪ್ಪು. ಶಾಖೆಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆದರೆ ಬ್ಯಾಂಕೇ ಅದನ್ನು ತೆರವು ಮಾಡಬೇಕು.

ಸಿಸಿ ಖಾತೆಯ ವಿಷಯ ಇನ್ನೂ ಮುಖ್ಯ. 25 ಲಕ್ಷದ ಮಿತಿಯಲ್ಲಿ 17 ಲಕ್ಷ ತೆಗೆದಿದ್ದೀರಿ ಎಂದರೆ ನೀವು ಬ್ಯಾಂಕಿಗೆ 17 ಲಕ್ಷ ಸಾಲಗಾರರು. ಉಳಿದ 8 ಲಕ್ಷ ಬ್ಯಾಂಕಿನ ಹಣ, ನೀವು ಕೇಳಿದಾಗ ಕೊಡುತ್ತೇವೆಂದು ಬ್ಯಾಂಕ್ ಒಪ್ಪಿಕೊಂಡಿರುವ ಸಾಲ ಮಾತ್ರ. ಬೇರೆಯವರ ಹಣವನ್ನು ನಿಮ್ಮ ಆಸ್ತಿ ಎಂದು ಜಪ್ತಿ ಮಾಡುವುದು ಹೇಗೆ? 1950ರ ದಶಕದಲ್ಲೇ ಆದಾಯ ತೆರಿಗೆಯ ಕೆ.ಎಂ. ಆಡಂ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ಓವರ್‌ಡ್ರಾಫ್ಟಿನ ಬಳಸದ ಮೊತ್ತಕ್ಕೆ ಬ್ಯಾಂಕ್ ಗ್ರಾಹಕನ ಸಾಲಗಾರನಾಗುವುದಿಲ್ಲ ಎಂದಿದೆ. ಜಿಎಸ್‌ಟಿಯಲ್ಲೂ ಗುಜರಾತ್ ಹೈಕೋರ್ಟ್ 2022ರ ಮನೀಷ್ ಸ್ಕ್ರ್ಯಾಪ್ ಟ್ರೇಡರ್ಸ್ ಪ್ರಕರಣದಲ್ಲಿ ಕ್ಯಾಶ್ ಕ್ರೆಡಿಟ್ ಖಾತೆಯನ್ನು ಕಲಂ 83ರ ಅಡಿ ಜಪ್ತಿ ಮಾಡಲಾಗದು ಎಂದು ತೀರ್ಪಿತ್ತಿದೆ. ಇದನ್ನು ಆಕ್ಷೇಪಣೆಯಲ್ಲಿ ಪ್ರತ್ಯೇಕ ಪ್ಯಾರಾ ಮಾಡಿ ಬರೆಯಿರಿ. ಜೊತೆಗೆ ಬ್ಯಾಂಕಿನಿಂದ 'ಈ ಖಾತೆಯಲ್ಲಿ ಗ್ರಾಹಕರಿಗೆ ಕೊಡಬೇಕಾದ ಶಿಲ್ಕು ಏನೂ ಇಲ್ಲ, ಗ್ರಾಹಕರಿಂದಲೇ 17 ಲಕ್ಷ ಬರಬೇಕು' ಎಂಬ ಪತ್ರ ಕೇಳಿ ಪಡೆಯಿರಿ. ಬ್ಯಾಂಕಿಗೂ ಇದರಲ್ಲಿ ಹಿತವಿದೆ. ಸಿಸಿ ಖಾತೆ ತಿಂಗಳುಗಟ್ಟಲೆ ಆಡದೆ ಉಳಿದರೆ ಅದು ಅನುತ್ಪಾದಕ ಸಾಲವಾಗುತ್ತದೆ, ಆ ತಲೆನೋವು ಮ್ಯಾನೇಜರರದೇ.

ಬಟವಾಡೆಗೆ ಮಾತ್ರವಾದರೂ ಹಣ ಬಿಡಿ ಎಂದು ಮ್ಯಾನೇಜರರನ್ನು ಬೇಡಿಕೊಂಡು ಪ್ರಯೋಜನವಿಲ್ಲ. ಇಲಾಖೆಯ ಪೂರ್ವಾನುಮತಿ ಇಲ್ಲದೆ ಖಾತೆಯಿಂದ ಹಣ ಹೋಗಕೂಡದು ಎಂದು ಡಿಆರ್‌ಸಿ-22ರಲ್ಲೇ ಬರೆದಿರುತ್ತದೆ. ಆದರೆ ಅದೇ ಸಾಲಿನ ಇನ್ನೊಂದು ಅರ್ಥ, ಇಲಾಖೆ ಅನುಮತಿ ಕೊಡಬಹುದು ಎಂಬುದು. ಹಾಜರಿ ಪುಸ್ತಕ ಮತ್ತು ಹಿಂದಿನ ಎಂಟು ವಾರಗಳ ಬಟವಾಡೆ ಪಟ್ಟಿಯ ನಕಲಿನೊಂದಿಗೆ ಕೂಲಿಗೆ ಬೇಕಾದ ಮೊತ್ತಕ್ಕೆ ಮಾತ್ರ ಅನುಮತಿ ಕೋರಿ ಬೇರೆಯೇ ಅರ್ಜಿ ಕೊಡಿ. ಅನುಮತಿ ಸಿಕ್ಕಿದ್ದನ್ನು ನನ್ನ ಸೇವೆಯಲ್ಲಿ ಎರಡು ಸಲ ಕಂಡಿದ್ದೇನೆ.

ಉತ್ತರ 3: ದಾವಣಗೆರೆ ಹಾರ್ಡ್‌ವೇರ್

ನಾನು ಅನುಭವಿಸಿದ್ದನ್ನು ಹೇಳುತ್ತೇನೆ, ಏಕೆಂದರೆ ನನ್ನ ತಪ್ಪನ್ನು ನೀವು ಮಾಡಬಾರದು. ನನ್ನ ಚಾಲ್ತಿ ಖಾತೆಗೆ ಕೆಲವು ವರ್ಷಗಳ ಹಿಂದೆ ಇದೇ ರೀತಿ ಜಪ್ತಿ ಆದೇಶ ಬಂದಿತ್ತು. ಆಕ್ಷೇಪಣೆ ಸಲ್ಲಿಸಿದರೆ ಅಧಿಕಾರಿಗಳು ಸಿಟ್ಟಾಗುತ್ತಾರೆ ಎಂದು ಯಾರೋ ಹೆದರಿಸಿದ್ದಕ್ಕೆ ಸುಮ್ಮನೆ ಕುಳಿತೆ. ಕಲಂ 83(2)ರ ಪ್ರಕಾರ ಆದೇಶದ ದಿನದಿಂದ ಒಂದು ವರ್ಷವಾದರೆ ಜಪ್ತಿ ತಾನಾಗಿಯೇ ಬಿದ್ದು ಹೋಗುತ್ತದೆ ಎಂದು ತಿಳಿದು ದಿನ ಎಣಿಸುತ್ತಿದ್ದೆ. ವರ್ಷ ಮುಗಿದ ಮರುದಿನ ಬ್ಯಾಂಕಿಗೆ ಹೋದರೆ, ಇಲಾಖೆಯಿಂದ ಡಿಆರ್‌ಸಿ-23 ಬಿಡುಗಡೆ ಪತ್ರ ಬರದೆ ನಾವು ತೆರೆಯುವುದಿಲ್ಲ ಎಂದರು. ಆ ಪತ್ರಕ್ಕಾಗಿ ಅಲೆಯುತ್ತಿರುವಾಗಲೇ ಅದೇ ಖಾತೆಗೆ, ಅದೇ ಕಾರಣಕ್ಕೆ, ಎರಡನೆಯ ಜಪ್ತಿ ಆದೇಶ ಬಂತು. ರಿಟ್ ಹಾಕಿ ಬಿಡಿಸಿಕೊಳ್ಳುವಷ್ಟರಲ್ಲಿ ನನ್ನ ಇಬ್ಬರು ಸಗಟು ಪೂರೈಕೆದಾರರು ಉದ್ರಿ ಕೊಡುವುದನ್ನು ನಿಲ್ಲಿಸಿದ್ದರು. ಮಳೆಗಾಲದ ಮುಂಚಿನ ಸಿಮೆಂಟ್ ಶೀಟಿನ ವ್ಯಾಪಾರ ಪೂರ್ತಿ ಕೈತಪ್ಪಿತು.

ಈಗ ಆ ಎರಡೂ ತೊಡಕುಗಳಿಗೆ ಪರಿಹಾರ ಸಿಕ್ಕಿದೆ. 2023ರ ಅಕ್ಟೋಬರಿನ ತಿದ್ದುಪಡಿಯಿಂದ ನಿಯಮ 159(2)ರಲ್ಲೇ ಒಂದು ವರ್ಷದ ಮಾತು ಸೇರಿದೆ. ವರ್ಷ ಮುಗಿದರೆ ಬಿಡುಗಡೆ ಪತ್ರಕ್ಕೆ ಕಾಯಬೇಕಾಗಿಲ್ಲ. ಹಾಗೆ ಮುಗಿದ ಮೇಲೆ ಅದೇ ಜಪ್ತಿಯನ್ನು ಹೊಸ ಆದೇಶದ ಹೆಸರಿನಲ್ಲಿ ಮುಂದುವರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟಿನಲ್ಲಿ ಗುಜರಾತಿನ ಕೇಸರಿ ನಂದನ್ ಮೊಬೈಲ್ ಪ್ರಕರಣದಲ್ಲಿ ಹೇಳಿದೆ. ಆದರೂ ವರ್ಷ ಕಾಯುವ ದಾರಿಯನ್ನು ಹಿಡಿಯಬೇಡಿ. ಕೂಲಿಯವರಿಗೆ ವಾರವೇ ದೊಡ್ಡದು.

ಉತ್ತರ 4: ತೆರಿಗೆ ಇಲಾಖೆಯ ನಿವೃತ್ತ ನೌಕರ

ಇಲಾಖೆಯ ಕಡೆಯ ಮಾತನ್ನೂ ಯಾರಾದರೂ ಹೇಳಬೇಕು ಎಂದು ಬರೆಯುತ್ತಿದ್ದೇನೆ. ಈ ಅಧಿಕಾರ ಹುಟ್ಟಿದ್ದಕ್ಕೆ ಕಾರಣವಿದೆ. ಬಡವರೊಬ್ಬರ ಆಧಾರ್ ಮತ್ತು ಬಾಡಿಗೆ ಕರಾರು ಇಟ್ಟುಕೊಂಡು ನೋಂದಣಿ ಪಡೆದು, ಸರಕೇ ಇಲ್ಲದೆ ಬಿಲ್ಲು ಮಾತ್ರ ಮಾರುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೆಳಿಗ್ಗೆ ಖಾತೆಗೆ ಬಂದ ಹಣ ಸಂಜೆಗೆ ನಾಲ್ಕು ಕೈ ದಾಟಿರುತ್ತದೆ. ನೋಟಿಸ್ ಕೊಟ್ಟು, ಉತ್ತರ ಪಡೆದು, ಆದೇಶ ಮಾಡುವವರೆಗೆ ಕಾದರೆ ಅಂಥವರಲ್ಲಿ ವಸೂಲಿಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಕಲಂ 83 ಇರುವುದು ಇಂಥವರಿಗಾಗಿ.

ನೀವು ಅಂಥವರಲ್ಲ ಎಂದು ಅಧಿಕಾರಿಗೆ ಕಾಗದದಲ್ಲಿ ಕಾಣಬೇಕು. ಹನ್ನೊಂದು ವರ್ಷದಿಂದ ಒಂದೇ ಜಾಗದಲ್ಲಿ ಘಟಕವಿದೆ, ಯಂತ್ರಗಳಿವೆ, ವಿದ್ಯುತ್ ಬಿಲ್ಲು ಇದೆ, ಕಾರ್ಮಿಕರ ಪಿಎಫ್ ಕಟ್ಟುತ್ತಿದ್ದೀರಿ, ರಿಟರ್ನ್ ತಪ್ಪದೆ ಸಲ್ಲಿಸಿದ್ದೀರಿ ಎಂಬ ದಾಖಲೆಗಳನ್ನು ಆಕ್ಷೇಪಣೆಗೆ ಲಗತ್ತಿಸಿ. ಕೇಂದ್ರ ಮಂಡಳಿಯ 2021ರ ಫೆಬ್ರುವರಿ 23ರ ಮಾರ್ಗಸೂಚಿಯ ಪ್ರಕಾರ ಜಪ್ತಿಯ ಮೌಲ್ಯ ಸಂಶಯದಲ್ಲಿರುವ ತೆರಿಗೆಗೆ ಆದಷ್ಟು ಹತ್ತಿರವಿರಬೇಕು, ಸ್ಥಿರಾಸ್ತಿ ಸಾಲದಿದ್ದರೆ ಮಾತ್ರ ಸಾಮಾನ್ಯವಾಗಿ ಚರಾಸ್ತಿಗೆ ಬರಬೇಕು, ದೈನಂದಿನ ವ್ಯವಹಾರಕ್ಕೆ ಅಡ್ಡಿಯಾಗಬಾರದು. ರಾಜ್ಯದ ಅಧಿಕಾರಿಯನ್ನು ಅದು ನೇರವಾಗಿ ಕಟ್ಟಿಹಾಕದಿದ್ದರೂ ವಿಚಾರಣೆಯಲ್ಲಿ ಅದಕ್ಕೆ ತೂಕವಿದೆ. ನಿಮ್ಮ ಹೆಸರಿನಲ್ಲಿ ನಿವೇಶನವೋ ಕಟ್ಟಡವೋ ಇದ್ದರೆ ಖಾತೆಯ ಬದಲಿಗೆ ಅದನ್ನು ತೋರಿಸಿ. ನಾನು ಕಡತ ನೋಡುತ್ತಿದ್ದ ಕಾಲದಲ್ಲಿ ಇಂಥ ಬದಲಿ ಕೊಡುಗೆ ಬಂದರೆ ಖಾತೆಯನ್ನು ಹಿಡಿದಿಟ್ಟುಕೊಳ್ಳಲು ಟಿಪ್ಪಣಿಯಲ್ಲಿ ಕಾರಣ ಬರೆಯುವುದು ನಮಗೇ ಕಷ್ಟವಾಗುತ್ತಿತ್ತು.

ಇನ್ನೊಂದು ಎಚ್ಚರಿಕೆ. ಖಾತೆ ಬಿಡುಗಡೆಯಾದರೂ ಮೂಲ ವಿವಾದ ಹಾಗೆಯೇ ಉಳಿಯುತ್ತದೆ. ಜಿಎಸ್‌ಟಿಗೆ ಮೊದಲಿದ್ದ ವ್ಯಾಟ್ ತೆರಿಗೆಯ ಕಾಲದ ಎಕಾಂ ಗಿಲ್ ಕಾಫಿ ಟ್ರೇಡಿಂಗ್ ಪ್ರಕರಣದಲ್ಲಿ, ಅದು ನಮ್ಮ ರಾಜ್ಯದ್ದೇ, ಬಿಲ್ಲು ಮತ್ತು ಚೆಕ್ ಪಾವತಿ ತೋರಿಸಿದರೆ ಸಾಲದು, ಸರಕು ನಿಜವಾಗಿ ಬಂತೆಂದು ಲಾರಿಯ ವಿವರ, ಸಾಗಣೆ ಬಾಡಿಗೆ, ಸ್ವೀಕೃತಿ ಇವುಗಳಿಂದ ವ್ಯಾಪಾರಿಯೇ ಸಾಬೀತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಹೇಳಿದೆ. ಇ-ವೇ ಬಿಲ್, ಲಾರಿ ರಸೀದಿ, ಸ್ಟಾಕ್ ಪುಸ್ತಕ ಎಲ್ಲಿದ್ದರೂ ಈಗಲೇ ಹುಡುಕಿ ತೆಗೆದಿಡಿ.

ಪ್ರಶ್ನೆ ಕೇಳಿದವರು: ಬಳ್ಳಾರಿ ಹೊಲಿಗೆ ಘಟಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಆದೇಶವನ್ನು ಮತ್ತೆ ಓದಿದೆ. ಅದರಲ್ಲಿ ಮೂರು ಖಾತೆಗಳ ಸಂಖ್ಯೆಯೂ ಇದೆ, ಆದ್ದರಿಂದ ಉಳಿತಾಯ ಖಾತೆಯ ವಿಷಯದಲ್ಲಿ ಬ್ಯಾಂಕಿನ ತಪ್ಪೇನೂ ಇಲ್ಲ. ಕಾರಣದ ಜಾಗದಲ್ಲಿ 'ಸರ್ಕಾರದ ಆದಾಯದ ಹಿತರಕ್ಷಣೆಗಾಗಿ' ಎಂಬ ಮಾತಿನ ಹೊರತು ಬೇರೇನೂ ಇಲ್ಲ. ಲಾರಿ ರಸೀದಿಗಳು ಹದಿನಾಲ್ಕರಲ್ಲಿ ಹನ್ನೆರಡು ಸಿಕ್ಕಿವೆ. ನಮ್ಮ ತಾಯಿಯವರ ಮಾತ್ರೆ, ಔಷಧಿ ಎಲ್ಲ ಆ ಪಿಂಚಣಿಯಲ್ಲೇ ಆಗಬೇಕು. ಆ ಖಾತೆಯನ್ನಾದರೂ ಮೊದಲು ಬಿಡಿಸಲು ಸಾಧ್ಯವೇ?

ಉತ್ತರ 5: ಹುಬ್ಬಳ್ಳಿ ವಕೀಲ

ಸಾಧ್ಯವಿದೆ, ಅದಕ್ಕೆ ಪ್ರತ್ಯೇಕ ಆಕ್ಷೇಪಣೆಯನ್ನು ತಾಯಿಯವರ ಹೆಸರಿನಲ್ಲೇ ಸಲ್ಲಿಸಿ. ಜಪ್ತಿಯಾದ ಆಸ್ತಿಯ ಯಾವುದೇ ಮಾಲೀಕರು ಡಿಆರ್‌ಸಿ-22ಎ ಸಲ್ಲಿಸಬಹುದು. ಕಲಂ 83ರಲ್ಲಿ ಜಪ್ತಿ ಮಾಡಬಹುದಾದದ್ದು ತೆರಿಗೆದಾರರ ಆಸ್ತಿಯನ್ನು, ಅಥವಾ ಕಲಂ 122(1ಎ)ರಲ್ಲಿ ಹೇಳಿರುವಂತೆ ವಂಚನೆಯ ವ್ಯವಹಾರವನ್ನು ತಾವೇ ಮಾಡಿಸಿ ಅದರ ಲಾಭವನ್ನು ಉಳಿಸಿಕೊಂಡವರ ಆಸ್ತಿಯನ್ನು ಮಾತ್ರ. ತಾಯಿಯವರು ಎರಡೂ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60 ಸರ್ಕಾರಿ ಪಿಂಚಣಿಗೆ ಜಪ್ತಿಯಿಂದ ರಕ್ಷಣೆ ಕೊಟ್ಟಿದೆ, ಆ ಕಲಮಿನ ವಿನಾಯಿತಿಗಳನ್ನು ಪಾಲಿಸಬೇಕೆಂದು ಮೇಲೆ ಹೇಳಿದ 2021ರ ಮಾರ್ಗಸೂಚಿಯಲ್ಲೂ ಇದೆ. ಮೂರು ವರ್ಷಗಳ ಪಾಸ್‌ಬುಕ್ ನಕಲು ಹಚ್ಚಿ, ಪಿಂಚಣಿ ಜಮೆಯಾದ ಸಾಲುಗಳಿಗೆ ಗುರುತು ಹಾಕಿ ಕೊಡಿ. ನೀವೇ ಆ ಖಾತೆಗೆ ಹಾಕಿದ ಹಣವಿದ್ದರೆ ಅದನ್ನು ಮರೆಮಾಚಬೇಡಿ, ಬೇರೆ ಬಣ್ಣದಲ್ಲಿ ತೋರಿಸಿ.

ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆಯಿರಿ: ವಿವಾದ 11 ಲಕ್ಷ 40 ಸಾವಿರದ್ದು, ಘಟಕದ ಕಟ್ಟಡ ನಿಮ್ಮದೇ ಆಗಿದ್ದರೆ ಅದರ ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆ ಎಷ್ಟು, ಹಾಗಿರುವಾಗ ಖಾತೆಗಳನ್ನು ಹಿಡಿದಿಡುವ ಅಗತ್ಯ ಏನು. ನಾಳೆ ಆದೇಶದಲ್ಲಿ ಅಧಿಕಾರಿ ಉತ್ತರಿಸಬೇಕಾದ ಪ್ರಶ್ನೆ ಇದೇ, ಉತ್ತರಿಸದಿದ್ದರೆ ಹೈಕೋರ್ಟ್ ಕೇಳುವ ಪ್ರಶ್ನೆಯೂ ಇದೇ. ಐಟಿಸಿ ತಡೆಹಿಡಿಯುವ ನಿಯಮ 86ಎ ವಿಷಯದಲ್ಲಿ ನಮ್ಮ ಹೈಕೋರ್ಟ್‌ನ ವಿಭಾಗೀಯ ಪೀಠ 2024ರ ಕೆ-9 ಎಂಟರ್‌ಪ್ರೈಸಸ್ ಪ್ರಕರಣದಲ್ಲಿ, ಇನ್ನೊಬ್ಬ ಅಧಿಕಾರಿಯ ವರದಿಯನ್ನು ನಂಬಿ ಸಹಿ ಹಾಕಿದರೆ ಸಾಲದು, ಸ್ವಂತ ವಿವೇಚನೆ ಕಾಣಬೇಕು ಎಂದಿದೆ. ನಿಯಮ ಬೇರೆಯಾದರೂ ತರ್ಕ ನಿಮಗೆ ಒದಗುತ್ತದೆ.

ಸೋಮವಾರ ಬೆಳಿಗ್ಗೆ ಎರಡೂ ಆಕ್ಷೇಪಣೆಗಳನ್ನು ಮತ್ತು ಬಟವಾಡೆಯ ಅನುಮತಿ ಅರ್ಜಿಯನ್ನು ಕಚೇರಿಯ ಟಪಾಲಿನಲ್ಲಿ ಕೊಟ್ಟು, ಪ್ರತಿಯೊಂದರ ನಕಲಿನ ಮೇಲೂ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಸಿಗದ ಎರಡು ಲಾರಿ ರಸೀದಿಗಳಿಗೆ ಸಾಗಣೆ ಕಚೇರಿಯವರ ಬುಕಿಂಗ್ ಪುಸ್ತಕ ನೋಡಿಸಿ, ಅವರ ಬಳಿ ಇನ್ನೂ ಇರಬಹುದು.